ಸಾಲ ಯಾರದು, ತೀರಿಸಿದವರು ಯಾರು: ಮಿಜೊಗುಚಿಯ ‘ಉಗೆತ್ಸು ಮೊನೊಗತಾರಿ’



ದತ್ತಿ ಉಪನ್ಯಾಸಗಳಿಗೆ ವಿಶಾಲವಾದ ವಿಷಯ ಇಟ್ಟುಕೊಳ್ಳುವುದು ವಾಡಿಕೆ. ‘ಜಪಾನಿನ ಸಿನಿಮಾ’ ಎಂದೋ ‘ಯುದ್ಧ ಮತ್ತು ಕಲೆ’ ಎಂದೋ ಹೆಸರಿಟ್ಟು ಹತ್ತಾರು ಚಿತ್ರಗಳನ್ನು ಮುಟ್ಟಿ ಬರಬಹುದಿತ್ತು. ನಾನು ಒಂದೇ ಚಿತ್ರವನ್ನು ಆರಿಸಿಕೊಂಡಿದ್ದೇನೆ. ಒಂದು ಕೃತಿಯ ಮುಂದೆ ಸಾವಧಾನವಾಗಿ ಕುಳಿತರೆ ಅದು ತನ್ನ ಕಾಲದ ಕಥೆಯನ್ನೂ ತನ್ನನ್ನು ಮಾಡಿದವನ ಕಥೆಯನ್ನೂ ತಾನೇ ಹೇಳತೊಡಗುತ್ತದೆ ಎಂಬುದು ನನ್ನ ನಂಬಿಕೆ.

ಚಿತ್ರದ ಹೆಸರು ‘ಉಗೆತ್ಸು ಮೊನೊಗತಾರಿ’. ನಿರ್ದೇಶಕ ಕೆಂಜಿ ಮಿಜೊಗುಚಿ. 1953ರ ಮಾರ್ಚ್ ತಿಂಗಳಲ್ಲಿ ಜಪಾನಿನಲ್ಲಿ ತೆರೆಕಂಡ, ಸುಮಾರು 97 ನಿಮಿಷಗಳ ಕಪ್ಪುಬಿಳುಪು ಚಿತ್ರ. ಆ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಚಿನ್ನದ ಸಿಂಹವನ್ನು ಯಾರಿಗೂ ಕೊಡಲಿಲ್ಲ. ಬೆಳ್ಳಿಯ ಸಿಂಹ ಪಡೆದ ಚಿತ್ರಗಳಲ್ಲಿ ಇದೂ ಒಂದು. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1962ರಲ್ಲಿಯೂ 1972ರಲ್ಲಿಯೂ ಜಗತ್ತಿನ ವಿಮರ್ಶಕರನ್ನು ಕೇಳಿ ತಯಾರಿಸಿದ ಶ್ರೇಷ್ಠ ಚಿತ್ರಗಳ ಪಟ್ಟಿಯ ಮೊದಲ ಹತ್ತರಲ್ಲಿ ಇದಕ್ಕೆ ಸ್ಥಾನವಿತ್ತು.

ಇದನ್ನು ದೆವ್ವದ ಚಿತ್ರವೆಂದು ಕರೆಯುತ್ತಾರೆ. ದೆವ್ವಗಳಿವೆ, ನಿಜ. ಆದರೆ ಈ ಚಿತ್ರದಲ್ಲಿ ಎದೆ ನಡುಗಿಸುವುದು ಬದುಕಿರುವ ಮನುಷ್ಯರ ಕಾಲಸಪ್ಪಳ. ಹಳ್ಳಿಗೆ ನುಗ್ಗುವ ಸೈನಿಕರು, ಹಸಿವಿನಿಂದ ಕಂಗೆಟ್ಟ ಕಾಲಾಳುಗಳು, ಬಾಗಿಲು ಒಡೆಯುವ ಕೈಗಳು. ಅಲ್ಲಿ ಬರುವ ಎರಡು ಮುಖ್ಯ ಪ್ರೇತಗಳೂ ಹೆಂಗಸರದು. ಇಬ್ಬರ ಬಾಳೂ ಯುದ್ಧದಲ್ಲಿ ಮುರಿದುಹೋದದ್ದು. ಇಬ್ಬರು ಗಂಡಸರು ಯುದ್ಧವೆಂಬ ಸಾಹುಕಾರನ ಬಳಿ ಮಹತ್ವಾಕಾಂಕ್ಷೆಯ ಸಾಲ ಎತ್ತುತ್ತಾರೆ. ಅಸಲು, ಬಡ್ಡಿ ಎರಡನ್ನೂ ತೀರಿಸುವವರು ಅವರ ಹೆಂಡಿರು. ಈ ಲೆಕ್ಕವೇ ಚಿತ್ರದ ಜೀವ. ಮಿಜೊಗುಚಿ ಅದನ್ನು ಪುಸ್ತಕದಲ್ಲಿ ಓದಿ ಕಲಿತವನಲ್ಲ, ಸ್ವಂತ ಮನೆಯಲ್ಲಿ ಕಂಡವನು. ಇಷ್ಟನ್ನು ನಿಮ್ಮ ಮುಂದೆ ಸ್ಥಾಪಿಸುವುದು ಇಂದಿನ ನನ್ನ ಉದ್ದೇಶ.

ಕಾಲ ಮತ್ತು ನೆಲ

ಕಥೆ ನಡೆಯುವುದು 16ನೆಯ ಶತಮಾನದ ಕೊನೆಯ ದಶಕಗಳಲ್ಲಿ, ಒಮಿ ಪ್ರಾಂತದಲ್ಲಿ. ಜಪಾನಿನ ಅತಿದೊಡ್ಡ ಸರೋವರ ಬಿವಾ ಇರುವ ನಾಡು ಅದು. ನೂರಕ್ಕೂ ಹೆಚ್ಚು ವರ್ಷಗಳ ಅಂತರ್ಯುದ್ಧ ಅಂತ್ಯಕ್ಕೆ ಬರುತ್ತಿದ್ದ ಹೊತ್ತು. 1582ರಲ್ಲಿ ದೇಶದ ದೊಡ್ಡ ಭಾಗವನ್ನು ಗೆದ್ದಿದ್ದ ಓದಾ ನೊಬುನಾಗಾ ತನ್ನದೇ ಸೇನಾನಿಯ ದ್ರೋಹಕ್ಕೆ ಬಲಿಯಾದ. ಅವನ ಸ್ಥಾನಕ್ಕಾಗಿ ಹಿದೆಯೋಶಿ ಮತ್ತು ಶಿಬಾತಾ ಕತ್ಸುಇಯೆ ಎಂಬ ಇಬ್ಬರು ದಳಪತಿಗಳು ಕಾದಾಡಿದರು. 1583ರಲ್ಲಿ ಬಿವಾ ಸರೋವರದ ಉತ್ತರ ತುದಿಯ ಶಿಜುಗತಾಕೆಯಲ್ಲಿ ಹಿದೆಯೋಶಿ ಗೆದ್ದ. ನಮ್ಮ ಚಿತ್ರದ ಹಳ್ಳಿ ಈ ಎರಡು ಸೇನೆಗಳ ನಡುವೆ ಸಿಕ್ಕಿಕೊಂಡಿದೆ.

ಹಿದೆಯೋಶಿಯ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಅವನು ಹುಟ್ಟಿನಿಂದ ಸಮುರಾಯಿ ಮನೆತನದವನಲ್ಲ. ಬಡ ಹಳ್ಳಿಗಾಡಿನಿಂದ ಬಂದು, ನೊಬುನಾಗಾನ ಊಳಿಗದಲ್ಲಿ ಕೆಳಮಟ್ಟದಿಂದ ಮೇಲೇರಿ, ಇದೇ ಬಿವಾ ದಡದ ನಾಗಾಹಾಮಾದಲ್ಲಿ ತನ್ನ ಮೊದಲ ಕೋಟೆ ಕಟ್ಟಿಕೊಂಡವನು. ಚಿತ್ರದಲ್ಲಿ ತೊಬೇ ಎಂಬ ರೈತ ಸಮುರಾಯಿ ಆಗುತ್ತೇನೆಂದು ಹುಚ್ಚುಹಿಡಿದು ಓಡಿಹೋಗುವ ಪೇಟೆ ಆ ನಾಗಾಹಾಮಾವೇ. ಅವನನ್ನು ಪೆದ್ದನೆಂದು ನಗುವುದು ಸುಲಭ. ಆದರೆ ಅವನ ಕಣ್ಣೆದುರಿಗೇ ಉದಾಹರಣೆಯಿತ್ತು. ಕಾಲಾಳಾಗಿದ್ದವನೊಬ್ಬ ದೇಶವನ್ನೇ ಆಳುವಷ್ಟು ಎತ್ತರಕ್ಕೆ ಏರುತ್ತಿದ್ದ.

ಮುಂದಿನ ಇತಿಹಾಸ ಇನ್ನೂ ಕಟುವಾದದ್ದು. ಅಧಿಕಾರ ಕೈಗೆ ಬಂದ ಮೇಲೆ ಹಿದೆಯೋಶಿ 1588ರಲ್ಲಿ ರೈತರ ಕೈಯಲ್ಲಿದ್ದ ಕತ್ತಿಗಳನ್ನು ಕಿತ್ತುಕೊಳ್ಳುವ ಆಜ್ಞೆ ಹೊರಡಿಸಿದ; 1591ರಲ್ಲಿ ಕಸುಬು ಬದಲಿಸಿ ಮೇಲೇರುವ ದಾರಿಗೆ ಬೇಲಿ ಹಾಕಿದ. ತಾನು ಹತ್ತಿ ಬಂದ ಏಣಿಯನ್ನು ತಾನೇ ಮೇಲಕ್ಕೆ ಎಳೆದುಕೊಂಡ. 1592ರಲ್ಲಿ ಅವನು ಕೊರಿಯಾದ ಮೇಲೆ ಸೇನೆ ಕಳಿಸಿದಾಗ, ಅಲ್ಲಿಂದ ಸೆರೆಹಿಡಿದು ತಂದವರಲ್ಲಿ ಕುಂಬಾರರೂ ಬಹಳ ಮಂದಿ ಇದ್ದರು. ಚಹಾ ಕುಡಿಯುವ ಬೋಗುಣಿ ಆ ಕಾಲದ ದಳಪತಿಗಳಿಗೆ ಅಂತಸ್ತಿನ ಗುರುತಾಗಿತ್ತು. ಹಾಗಾಗಿ, ಕುಂಬಾರನೊಬ್ಬನನ್ನು ಯುದ್ಧದ ನಡುವೆ ನಿಲ್ಲಿಸಿದ್ದು ಬರಿಯ ಕಥೆಗಾರನ ಕಲ್ಪನೆ ಎನಿಸುವುದಿಲ್ಲ. ಆ ಕಾಲದಲ್ಲಿ ಮಣ್ಣಿನ ಪಾತ್ರೆಯ ಬೆಲೆಗೂ ಕತ್ತಿಯ ಬಲಕ್ಕೂ ನೇರವಾದ ನಂಟಿತ್ತು.

ಎರಡು ಮನೆಗಳ ಕಥೆ

ಗೆಂಜುರೊ ಕುಂಬಾರ. ಹೆಂಡತಿ ಮಿಯಾಗಿ, ಎಳೆಯ ಮಗ ಗೆನಿಚಿ. ನೆರೆಯಲ್ಲಿ ತೊಬೇ ಮತ್ತು ಅವನ ಹೆಂಡತಿ ಒಹಾಮಾ. ಯುದ್ಧದಿಂದ ನಾಗಾಹಾಮಾ ಪೇಟೆಯಲ್ಲಿ ಸೈನಿಕರು ತುಂಬಿದ್ದಾರೆ, ಮಡಕೆಗೆ ಎಂದೂ ಇಲ್ಲದ ಬೆಲೆ ಬಂದಿದೆ. ಗೆಂಜುರೊ ಬೆಳ್ಳಿಯ ನಾಣ್ಯ ಗಂಟುಕಟ್ಟಿಕೊಂಡು, ಹೆಂಡತಿಗೆ ಹೊಸ ಕಿಮೋನೊ ಹಿಡಿದು ಮನೆಗೆ ಬರುತ್ತಾನೆ. ಮಿಯಾಗಿಗೆ ಬಟ್ಟೆಗಿಂತ ಗಂಡನ ಅಕ್ಕರೆ ಹಿತವೆನಿಸುತ್ತದೆ. ಗಲಭೆಯ ಕಾಲದ ಲಾಭ ನಿಲ್ಲುವಂಥದ್ದಲ್ಲ ಎಂದು ಊರಿನ ಹಿರಿಯ ಎಚ್ಚರಿಸುತ್ತಾನೆ. ಗೆಂಜುರೊ ಯಾವುದನ್ನೂ ಕೇಳಿಸಿಕೊಳ್ಳುವುದಿಲ್ಲ. ಇನ್ನೊಂದು ಆವಿಗೆ ಮಾಡಿಬಿಟ್ಟರೆ ಸಾಕು ಎಂಬ ಆತುರ ಅವನಿಗೆ.

ಆವಿಗೆಗೆ ಬೆಂಕಿ ಹಾಕಿದ ರಾತ್ರಿಯೇ ಶಿಬಾತಾನ ಸೈನಿಕರು ಹಳ್ಳಿಗೆ ನುಗ್ಗುತ್ತಾರೆ. ಗಂಡಸರನ್ನು ಕೂಲಿಗೆ ಎಳೆದೊಯ್ಯುತ್ತಾರೆ, ದವಸ ದೋಚುತ್ತಾರೆ. ಎಲ್ಲರೂ ಕಾಡಿಗೆ ಓಡುತ್ತಿದ್ದರೆ ಗೆಂಜುರೊನ ಜೀವವೆಲ್ಲ ಬೆಂಕಿಯ ಮೇಲಿದೆ. ಪ್ರಾಣದ ಹಂಗು ತೊರೆದು ಆವಿಗೆಯ ಬಳಿಗೆ ಮರಳುತ್ತಾನೆ. ಬೆಂಕಿ ಆರಿದೆ. ಆದರೂ ಪಾತ್ರೆಗಳು ಚೆನ್ನಾಗಿ ಬೆಂದಿವೆ. ಎರಡೂ ಮನೆಯವರು ಅವುಗಳನ್ನು ದೋಣಿಗೆ ತುಂಬಿ ಸರೋವರದ ಆಚೆ ದಡದ ಓಮಿಜೊ ಪೇಟೆಗೆ ಹೊರಡುತ್ತಾರೆ.

ಮಂಜು ಕವಿದ ಸರೋವರದಲ್ಲಿ ಎದುರಿನಿಂದ ಒಂದು ದೋಣಿ ತೇಲಿಬರುತ್ತದೆ. ಅದರಲ್ಲಿ ಸಾಯುತ್ತಿರುವ ಒಬ್ಬ ಮನುಷ್ಯ. ನೋಡಿದವರು ಅವನನ್ನು ಪ್ರೇತವೆಂದು ಹೆದರುತ್ತಾರೆ. ಅವನು ಕಡಲ್ಗಳ್ಳರಂಥ ದರೋಡೆಕೋರರ ಕೈಗೆ ಸಿಕ್ಕ ಅಂಬಿಗ. ಹೆಂಗಸರನ್ನು ಜೋಪಾನ ಮಾಡಿರೆಂದು ಹೇಳಿ ಸಾಯುತ್ತಾನೆ. ಇಲ್ಲಿ ಮಿಜೊಗುಚಿ ಇಡುವ ಕ್ರಮವನ್ನು ಗಮನಿಸಬೇಕು. ಪ್ರೇತವೆಂದು ಹೆದರಿದವನು ಮನುಷ್ಯ, ನಿಜ ಹೇಳಿದವನು. ಮುಂದೆ ಮನುಷ್ಯಳೆಂದು ನಂಬಿದವಳು ಪ್ರೇತ. ಆ ಅಂಬಿಗನ ಮಾತಿಗೆ ಅಂಜಿ ಗೆಂಜುರೊ ಹೆಂಡತಿ ಮಗುವನ್ನು ದಡದಲ್ಲಿ ಇಳಿಸಿ ತಾನು ಮುಂದೆ ಹೋಗುತ್ತಾನೆ. ಮರಳಿ ಹೋಗಬಹುದಿತ್ತು. ಹೋಗಲಿಲ್ಲ.

ಪೇಟೆಯಲ್ಲಿ ಪಾತ್ರೆಗಳು ಮಾರಾಟವಾಗುತ್ತವೆ. ತೊಬೇ ತನ್ನ ಪಾಲಿನ ಹಣ ಹಿಡಿದು ಕವಚ, ಈಟಿ ಕೊಳ್ಳಲು ಓಡುತ್ತಾನೆ. ಅವನನ್ನು ಹುಡುಕಿಕೊಂಡು ಅಲೆದ ಒಹಾಮಾ ಸೈನಿಕರ ಕೈಗೆ ಸಿಕ್ಕು ಅತ್ಯಾಚಾರಕ್ಕೆ ಒಳಗಾಗುತ್ತಾಳೆ. ಅವರು ನಾಣ್ಯಗಳನ್ನು ಎಸೆದು ಹೋಗುತ್ತಾರೆ. ತೊಬೇ ಯಾರೋ ಕಡಿದ ದಳಪತಿಯ ರುಂಡವನ್ನು ಕದ್ದು, ತಾನೇ ಕೊಂದೆನೆಂದು ತೋರಿಸಿ, ಕುದುರೆಯನ್ನೂ ಆಳುಗಳನ್ನೂ ಇನಾಮು ಪಡೆಯುತ್ತಾನೆ. ಶತ್ರುವಿನ ತಲೆ ತಂದು ಒಪ್ಪಿಸಿ ಬಹುಮಾನ ಪಡೆಯುವುದು ಆ ಕಾಲದ ಸೈನ್ಯದಲ್ಲಿ ಇದ್ದ ಪದ್ಧತಿಯೇ. ಆ ವೈಭವದಲ್ಲಿ ಮೆರೆಯುತ್ತ ಒಂದು ವೇಶ್ಯಾಗೃಹಕ್ಕೆ ಹೋದಾಗ ಅಲ್ಲಿ ಒಹಾಮಾ ಎದುರಾಗುತ್ತಾಳೆ.

ಗೆಂಜುರೊನ ಪಾತ್ರೆಗಳನ್ನು ಕೊಳ್ಳುವವಳು ಕುತ್ಸುಕಿ ಮನೆತನದ ರಾಜಕುವರಿ ವಾಕಾಸಾ. ದಾದಿಯೊಡನೆ ಬಂದು, ಅವನನ್ನು ತನ್ನ ಮಹಲಿಗೆ ಕರೆದು, ಉಪಚರಿಸಿ, ಮದುವೆಯಾಗುತ್ತಾಳೆ. ಗೆಂಜುರೊ ಹೆಂಡತಿ ಮಗುವನ್ನು ಮರೆಯುತ್ತಾನೆ. ಕೊನೆಗೆ ಒಬ್ಬ ಮುದಿ ಸನ್ಯಾಸಿ ಅವನ ಮುಖದಲ್ಲಿ ಸಾವಿನ ನೆರಳು ಕಂಡು ಮೈಮೇಲೆ ಮಂತ್ರಾಕ್ಷರ ಬರೆಯುತ್ತಾನೆ. ಬೆಳಗಾದಾಗ ಮಹಲು ಇದ್ದಲ್ಲಿ ಪಾಳು ಮಾತ್ರ ಉಳಿದಿದೆ. ಇತ್ತ ಮಿಯಾಗಿ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಊರಿನ ಕಡೆ ನಡೆಯುವಾಗ, ತುತ್ತು ಅನ್ನಕ್ಕಾಗಿ ಮೇಲೆಬಿದ್ದ ಸೈನಿಕರ ಈಟಿಗೆ ಸಿಕ್ಕಿ ಸತ್ತಿರುತ್ತಾಳೆ.

ಮೂಲಗಳು

ಚಿತ್ರದ ಬೇರು 1776ರಲ್ಲಿ ಪ್ರಕಟವಾದ, ಇದೇ ಹೆಸರಿನ ಒಂಬತ್ತು ಕಥೆಗಳ ಸಂಕಲನದಲ್ಲಿದೆ. ಬರೆದವನು ಒಸಾಕಾದ ಉಯೆದಾ ಅಕಿನಾರಿ. ತಂದೆ ಯಾರೆಂದು ತಿಳಿಯದೆ ಹುಟ್ಟಿ, ವ್ಯಾಪಾರಿ ಕುಟುಂಬವೊಂದಕ್ಕೆ ದತ್ತು ಹೋಗಿ, ಬಾಲ್ಯದ ಸಿಡುಬಿನಿಂದ ಬೆರಳುಗಳ ಊನ ಹೊತ್ತು ಬಾಳಿದ ವಿದ್ವಾಂಸ. ಮಿಜೊಗುಚಿ ಅವನ ಎರಡು ಕಥೆಗಳನ್ನು ತೆಗೆದುಕೊಂಡ. ಒಂದರಲ್ಲಿ ವ್ಯಾಪಾರಕ್ಕೆಂದು ರಾಜಧಾನಿಗೆ ಹೋದ ಗಂಡ ಯುದ್ಧದ ದೆಸೆಯಿಂದ ಏಳು ವರ್ಷ ಬರದೆ ಹೋಗುತ್ತಾನೆ. ಮರಳಿ ಬಂದ ರಾತ್ರಿ ಹೆಂಡತಿ ಕಾದಿದ್ದಾಳೆ, ಬೆಳಗಾದರೆ ಇಲ್ಲ. ಆ ಹೆಂಡತಿಯ ಹೆಸರೂ ಮಿಯಾಗಿ. ಇನ್ನೊಂದರಲ್ಲಿ ಸುಂದರಿಯ ರೂಪ ತಾಳಿದ ಬಿಳಿಯ ಸರ್ಪ ಒಬ್ಬ ಯುವಕನಿಗೆ ಗಂಟುಬೀಳುತ್ತದೆ. ಅದರ ಮೂಲ ಚೀನಾದ ಹಳೆಯ ಐತಿಹ್ಯ.

ಮೂರನೆಯ ಎಳೆ ಫ್ರಾನ್ಸಿನದು. ಸರ್ಕಾರದ ಪದಕವೊಂದಕ್ಕಾಗಿ ಹಂಬಲಿಸುವ ಗಂಡನ ಕುರಿತು ಮೊಪಾಸಾ ಬರೆದ ಕಥೆಯೊಂದು ತೊಬೇಯ ಪ್ರಸಂಗಕ್ಕೆ ಪ್ರೇರಣೆ. ಅಲ್ಲಿಯೂ ಗಂಡನ ಎದೆಗೆ ಪದಕ ಬರುವುದು ಹೆಂಡತಿಯ ಮೂಲಕ. ಮೂರು ಕಡೆಯಿಂದ ಬಂದ ಎಳೆಗಳನ್ನು ಒಂದೇ ಹಗ್ಗವಾಗಿ ಹೊಸೆದವರು ಮತ್ಸುತಾರೊ ಕವಾಗುಚಿ ಮತ್ತು ಯೋಶಿಕಾತಾ ಯೋದಾ ಎಂಬ ಚಿತ್ರಕಥೆಗಾರರು. ಕವಾಗುಚಿ ನಿರ್ದೇಶಕನ ಬಾಲ್ಯಸ್ನೇಹಿತ. ಯೋದಾ 1930ರ ದಶಕದಿಂದ ಅವನ ಜೊತೆ ದುಡಿದವನು, ತಿದ್ದಿಸಿ ತಿದ್ದಿಸಿ ಬರೆಸಿಕೊಳ್ಳುವ ಅವನ ಹಟವನ್ನು ಸಹಿಸಿದವನು.

ಅಕಿನಾರಿಯ ಕಥೆಗಳಿಗೂ ಚಿತ್ರಕ್ಕೂ ಇರುವ ಮುಖ್ಯ ವ್ಯತ್ಯಾಸ ಒಂದೇ. ಕಥೆಯಲ್ಲಿ ಸರ್ಪ ಸರ್ಪವೇ. ಅದನ್ನು ಕಟ್ಟಿಹಾಕಿದರೆ ಕಥೆ ಮುಗಿಯುತ್ತದೆ. ಚಿತ್ರದ ವಾಕಾಸಾ ದುಷ್ಟಶಕ್ತಿಯಲ್ಲ. ಅವಳ ವಂಶವನ್ನು ನೊಬುನಾಗಾನ ಸೇನೆ ಅಳಿಸಿಹಾಕಿದೆ. ಪ್ರೀತಿಯೆಂದರೇನೆಂದು ತಿಳಿಯುವ ಮೊದಲೇ ಸತ್ತವಳು, ಅದನ್ನೊಮ್ಮೆ ಅರಿಯಲೆಂದು ಮರಳಿ ಬಂದಿದ್ದಾಳೆ ಎಂದು ಅವಳ ದಾದಿ ಹೇಳುತ್ತಾಳೆ. ಹೀಗಾಗಿ ಗೆಂಜುರೊನ ಮನೆಯಲ್ಲಿ ಕಾದ ಮಿಯಾಗಿಯೂ ಮಹಲಿಗೆ ಕರೆದ ವಾಕಾಸಾಳೂ ಎದುರಾಳಿಗಳಾಗಿ ಉಳಿಯದೆ ಒಂದೇ ಸಂಕಟದ ಎರಡು ಮುಖಗಳಾಗುತ್ತಾರೆ. ಒಬ್ಬಳು ಬಡವಿ, ಒಬ್ಬಳು ಅರಸು ಮನೆತನದವಳು. ಯುದ್ಧ ಇಬ್ಬರನ್ನೂ ಬಿಡಲಿಲ್ಲ.

ಸನ್ಯಾಸಿ ಗೆಂಜುರೊನ ಮೈಮೇಲೆ ಬರೆಯುವ ಅಕ್ಷರಗಳ ಬಗ್ಗೆಯೂ ಒಂದು ಮಾತು. ಅವು ಸಿದ್ಧಂ ಲಿಪಿಯ ಸಂಸ್ಕೃತ ಬೀಜಾಕ್ಷರಗಳು. ಚೀನಾದಲ್ಲಿ ಭಾರತೀಯ ಭಿಕ್ಷುವಿನಿಂದಲೂ ಕಲಿತು 806ರಲ್ಲಿ ಜಪಾನಿಗೆ ಮರಳಿದ ಕೂಕೈ ಎಂಬ ಭಿಕ್ಷು ಈ ವಿದ್ಯೆಯನ್ನು ಅಲ್ಲಿ ನೆಲೆಗೊಳಿಸಿದ. ಸಿದ್ಧಂ ಲಿಪಿಯೂ ನಾವು ಬರೆಯುವ ಕನ್ನಡ ಲಿಪಿಯೂ ಬ್ರಾಹ್ಮಿಯ ಸಂತಾನ.

ನಿರ್ದೇಶಕನ ಮನೆ

ಕೆಂಜಿ ಮಿಜೊಗುಚಿ ಹುಟ್ಟಿದ್ದು 1898ರಲ್ಲಿ, ಟೋಕಿಯೋದಲ್ಲಿ. ತಂದೆ ಬಡಗಿ ಕೆಲಸ ಮಾಡುತ್ತಿದ್ದವನು. 1904ರಲ್ಲಿ ರಷ್ಯಾ-ಜಪಾನ್ ಯುದ್ಧ ಶುರುವಾದಾಗ ಅವನಿಗೊಂದು ಆಸೆ ಹುಟ್ಟಿತು: ಸೈನಿಕರಿಗೆ ಮಳೆಕೋಟು ಮಾರಿ ಹಣ ಮಾಡಬೇಕು. ಬಂಡವಾಳ ಹಾಕಿದ. ಸರಕು ಸಿದ್ಧವಾಗುವ ಹೊತ್ತಿಗೆ ಯುದ್ಧ ಮುಗಿಯಿತು. ಸಂಸಾರ ಬೀದಿಗೆ ಬಂತು. ಆ ನಷ್ಟದ ಬೆಲೆ ತೆತ್ತವಳು ಮಿಜೊಗುಚಿಯ ಅಕ್ಕ ಸುಜು. ಹದಿನಾಲ್ಕರ ಹರೆಯದಲ್ಲಿ ಅವಳನ್ನು ದತ್ತು ಎಂಬ ಹೆಸರಿನಲ್ಲಿ ಬಿಟ್ಟುಕೊಟ್ಟರು, ಅವಳು ಗೇಶಾ ಆದಳು. ಮುಂದೆ ತಾಯಿ ತೀರಿಕೊಂಡ ಮೇಲೆ ತಮ್ಮಂದಿರನ್ನು ಸಲಹಿದವಳೂ ಅವಳೇ. ಬಟ್ಟೆಗೆ ವಿನ್ಯಾಸ ಬರೆಯುವ ಮೊದಲ ಕೆಲಸವನ್ನು ಕೆಂಜಿಗೆ ದೊರಕಿಸಿಕೊಟ್ಟವಳೂ ಅವಳೇ.

ಸಭಿಕರೇ, ಈಗ ಚಿತ್ರದ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಯುದ್ಧಕಾಲದಲ್ಲಿ ಸರಕು ಮಾರಿ ದೊಡ್ಡವನಾಗಬೇಕೆಂದ ಗಂಡಸು. ಆ ಆಸೆಗೆ ಬಲಿಯಾಗಿ, ಮಾರಾಟದ ವಸ್ತುವಾಗಿ ಹೋದ ಹೆಣ್ಣು. ಬಿವಾ ಸರೋವರದ ದಡದಲ್ಲಿ ನಡೆದಂತೆ ಮಿಜೊಗುಚಿ ತೋರಿಸಿದ್ದು ಅವನ ಎಳವೆಯ ಟೋಕಿಯೋದಲ್ಲಿ ನಡೆದದ್ದೇ. 1952ರ ‘ಓಹಾರುವಿನ ಬದುಕು’ ಚಿತ್ರದಿಂದ 1956ರ ಕೊನೆಯ ಚಿತ್ರ ‘ಅಕಾಸೆನ್ ಚಿತಾಯ್’ವರೆಗೆ, ಮಾರಾಟವಾದ ಹೆಣ್ಣಿನ ಕಥೆಗೆ ಅವನು ಮತ್ತೆ ಮತ್ತೆ ಬಂದ. ಆ ಕೊನೆಯ ಚಿತ್ರ ಟೋಕಿಯೋದ ವೇಶ್ಯಾವಾಟಿಕೆಯ ಬಗ್ಗೆ. ಅದು ತೆರೆಕಂಡ ಕೆಲವೇ ವಾರಗಳಲ್ಲಿ, 1956ರ ಮೇ ತಿಂಗಳಲ್ಲಿ, ಜಪಾನಿನ ಸಂಸತ್ತು ವೇಶ್ಯಾವೃತ್ತಿ ತಡೆ ಕಾನೂನನ್ನು ಅಂಗೀಕರಿಸಿತು. ಅದೇ ವರ್ಷದ ಆಗಸ್ಟ್ 24ರಂದು ಮಿಜೊಗುಚಿ ರಕ್ತದ ಕ್ಯಾನ್ಸರಿನಿಂದ ಕ್ಯೋಟೋದಲ್ಲಿ ತೀರಿಕೊಂಡ.

ಅವನನ್ನು ಸಂತನನ್ನಾಗಿ ಮಾಡುವುದು ಬೇಡ. ಮಿಯಾಗಿಯ ಪಾತ್ರವನ್ನು ಧರಿಸಿದ ಕಿನುಯೊ ತನಾಕಾ ಅದೇ 1953ರಲ್ಲಿ ತನ್ನ ಮೊದಲ ಚಿತ್ರವನ್ನು ತಾನೇ ನಿರ್ದೇಶಿಸಿದಳು. ಜಪಾನಿನಲ್ಲಿ ನಿರ್ದೇಶಕಿಯರೇ ಇಲ್ಲವೆನ್ನುವಷ್ಟು ವಿರಳವಾಗಿದ್ದ ಕಾಲ. ಅವಳ ನಿರ್ದೇಶನದ ಆಸೆಯನ್ನು ಮಿಜೊಗುಚಿ ವಿರೋಧಿಸಿದ. ಹೆಣ್ಣಿನ ನೋವನ್ನು ಅಷ್ಟು ಆಳವಾಗಿ ಕಂಡವನಿಗೆ ಹೆಣ್ಣಿನ ಮಹತ್ವಾಕಾಂಕ್ಷೆಗೆ ದಾರಿಬಿಡಲು ಆಗಲಿಲ್ಲ. ಈ ಕೊರತೆಯನ್ನು ಮುಚ್ಚಿಡದೆ ಹೇಳಿಯೇ ಅವನ ಚಿತ್ರವನ್ನು ಮೆಚ್ಚಬೇಕು. ತನಾಕಾ ಮುಂದೆ ಒಟ್ಟು ಆರು ಚಿತ್ರಗಳನ್ನು ನಿರ್ದೇಶಿಸಿದಳು ಎಂಬುದೇ ಅವನ ವಿರೋಧಕ್ಕೆ ತಕ್ಕ ಉತ್ತರ.

ನೋಡುವ ಬಗೆ

ಛಾಯಾಗ್ರಾಹಕ ಕಜುವೊ ಮಿಯಾಗಾವಾ. 1950ರಲ್ಲಿ ಕುರೊಸಾವಾನ ‘ರಶೋಮೊನ್’ ಚಿತ್ರಕ್ಕೆ ಕ್ಯಾಮೆರಾ ಹಿಡಿದವನೂ ಅವನೇ. ‘ರಶೋಮೊನ್’ನಲ್ಲಿ ಕ್ಯಾಮೆರಾ ಓಡುತ್ತದೆ, ಸೂರ್ಯನನ್ನೇ ದಿಟ್ಟಿಸುತ್ತದೆ. ಇಲ್ಲಿ ಅದು ತೇಲುತ್ತದೆ. ಹೆಚ್ಚಿನ ದೃಶ್ಯಗಳಿಗೆ ಕ್ರೇನ್ ಬಳಸಿದ್ದರಿಂದ ನೋಟ ಎಲ್ಲಿಯೂ ನೆಲಕ್ಕೆ ಕಚ್ಚಿಕೊಳ್ಳುವುದಿಲ್ಲ. ಮಿಜೊಗುಚಿಗೆ ತುಂಡುತುಂಡಾಗಿ ಕತ್ತರಿಸಿ ಜೋಡಿಸುವುದು ಒಗ್ಗದು. ಒಂದೇ ಓಟದಲ್ಲಿ, ದೂರದಿಂದ, ನಟರನ್ನು ಅವರ ನೆಲದ ಸಮೇತ ಹಿಡಿಯಬೇಕು.

ಈ ಕ್ರಮ ಏನನ್ನು ಸಾಧಿಸಿತು ಎಂಬುದಕ್ಕೆ ಮೂರು ದೃಶ್ಯಗಳನ್ನು ನೆನೆಯುತ್ತೇನೆ.

ಮೊದಲನೆಯದು ಮಿಯಾಗಿಯ ಸಾವು. ಬೇರೆ ನಿರ್ದೇಶಕರಾಗಿದ್ದರೆ ಈಟಿಯ ಮೊನೆ, ಚೀರುವ ಬಾಯಿ, ಚಿಮ್ಮುವ ರಕ್ತ ತೋರಿಸುತ್ತಿದ್ದರು. ಮಿಜೊಗುಚಿ ಕ್ಯಾಮೆರಾವನ್ನು ಎತ್ತರದಲ್ಲಿ, ದೂರದಲ್ಲಿ ನಿಲ್ಲಿಸುತ್ತಾನೆ. ಇರಿತಕ್ಕೊಳಗಾದ ಮಿಯಾಗಿ ಕೋಲೂರಿಕೊಂಡು, ಅಳುವ ಮಗುವನ್ನು ಬೆನ್ನಮೇಲೆ ಹೊತ್ತು, ತತ್ತರಿಸುತ್ತ ಮುಂದೆ ಬರುತ್ತಾಳೆ. ಅದೇ ಚೌಕಟ್ಟಿನಲ್ಲಿ, ಹಿಂದೆ ಗದ್ದೆಯಲ್ಲಿ, ಅವಳ ಅನ್ನ ಕಿತ್ತುಕೊಂಡ ಸೈನಿಕರು ಗಬಗಬನೆ ತಿನ್ನುತ್ತಿದ್ದಾರೆ. ಕೊಂದವರೂ ಹಸಿದವರೇ. ಒಂದು ನೋಟದಲ್ಲಿ ಅಪರಾಧವೂ ಅದರ ಕಾರಣವೂ ಅದರ ಫಲವೂ ಇವೆ. ಯಾರನ್ನು ದ್ವೇಷಿಸಿ ಹಗುರಾಗಲಿ ಎಂದು ಪ್ರೇಕ್ಷಕ ತಡಕಾಡಿದರೆ ಕೈಗೆ ಸಿಗುವುದು ಯುದ್ಧವೊಂದೇ.

ಎರಡನೆಯದು ವಾಕಾಸಾಳೊಡನೆ ಗೆಂಜುರೊನ ಸುಖದ ದಿನ. ಬಿಸಿನೀರಿನ ಬುಗ್ಗೆಯಲ್ಲಿ ಇಬ್ಬರೂ ಇದ್ದಾರೆ. ಕ್ಯಾಮೆರಾ ಅವರನ್ನು ಬಿಟ್ಟು ನೆಲದ ಮೇಲೆ ಸರಿಯುತ್ತದೆ. ಒಂದು ದೃಶ್ಯ ಇನ್ನೊಂದರಲ್ಲಿ ಕರಗಿ, ಸರೋವರದ ಪಕ್ಕದ ಹುಲ್ಲುಹಾಸಿನಲ್ಲಿ ಅದೇ ಇಬ್ಬರು ನಗುತ್ತ ಓಡಾಡುತ್ತಿರುತ್ತಾರೆ. ಎಷ್ಟು ದಿನ ಕಳೆಯಿತು? ಗೆಂಜುರೊನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಮೋಹದಲ್ಲಿ ಕಾಲ ತಪ್ಪುವುದನ್ನು ಮಾತಿಲ್ಲದೆ ತೋರಿಸಿದ ಜಾಗ ಇದು. ಆ ಹೊತ್ತಿನಲ್ಲಿ ಅತ್ತ ಮಿಯಾಗಿಯ ಗತಿ ಏನೆಂಬುದನ್ನು ಚಿತ್ರ ನಮಗೆ ಮರೆಯಗೊಡುವುದಿಲ್ಲ.

ಮೂರನೆಯದು ಗೆಂಜುರೊ ಮನೆಗೆ ಮರಳುವ ರಾತ್ರಿ. ಜಗತ್ತಿನ ಸಿನಿಮಾ ವಿದ್ಯಾರ್ಥಿಗಳೆಲ್ಲ ಮತ್ತೆ ಮತ್ತೆ ನೋಡುವ ದೃಶ್ಯ. ಕತ್ತಲೆಯ ಮನೆಯೊಳಗೆ ಕಾಲಿಡುತ್ತಾನೆ, ಹೆಂಡತಿಯನ್ನು ಕೂಗುತ್ತಾನೆ. ಒಲೆ ತಣ್ಣಗಿದೆ, ಯಾರೂ ಇಲ್ಲ. ಹಿಂಬಾಗಿಲಿನಿಂದ ಹೊರಬಿದ್ದು ಮನೆಯನ್ನು ಸುತ್ತುತ್ತಾನೆ. ಕ್ಯಾಮೆರಾ ಒಳಗೇ ನಿಂತು, ಹೊರಗೆ ನಡೆಯುವವನ ಜೊತೆಜೊತೆಗೆ ತಿರುಗುತ್ತ, ಬಂದ ದಾರಿಯಲ್ಲೇ ವಾಪಸು ಬರುತ್ತದೆ. ಅವನು ಮುಂಬಾಗಿಲಿಗೆ ಬರುವಷ್ಟರಲ್ಲಿ ಒಲೆಯಲ್ಲಿ ಕೆಂಡ ನಿಗಿನಿಗಿ ಎನ್ನುತ್ತಿದೆ, ಪಕ್ಕದಲ್ಲಿ ಮಿಯಾಗಿ ಕುಳಿತಿದ್ದಾಳೆ. ಎಲ್ಲಿಯೂ ಕತ್ತರಿ ಆಡಿಲ್ಲ. ಹೊಗೆಯಿಲ್ಲ, ಮಿಂಚಿಲ್ಲ, ಬೆಚ್ಚಿಬೀಳಿಸುವ ಸದ್ದಿಲ್ಲ. ಬರಿದಾಗಿದ್ದ ಮನೆ ತುಂಬಿತು, ಅಷ್ಟೇ. ಅವನು ಕ್ಷಮೆ ಕೇಳಲು ಬಾಯಿ ತೆರೆದರೆ ಅವಳು ತಡೆದು, ಊಟ ಬಡಿಸಿ, ಮಲಗಿದವನ ಬಟ್ಟೆ ಹೊಲಿಯುತ್ತ ಕೂರುತ್ತಾಳೆ. ಬೆಳಿಗ್ಗೆ ಊರಿನ ಹಿರಿಯ ಬಂದು ಮಿಯಾಗಿ ಸತ್ತ ಸುದ್ದಿ ಹೇಳಿದಾಗಲೇ ಗೆಂಜುರೊನಿಗೆ ನಿಜ ತಿಳಿಯುವುದು.

ಈ ಮೂರಕ್ಕೂ ಬೆನ್ನೆಲುಬಾಗಿ ನಿಂತವರಲ್ಲಿ ಸಂಗೀತದ ಫುಮಿಯೊ ಹಾಯಾಸಾಕಾ ಇದ್ದಾನೆ. ಜಪಾನಿನ ಸಾಂಪ್ರದಾಯಿಕ ನೋ ರಂಗಭೂಮಿಯ ತಾಳ, ಕೊಳಲುಗಳ ನೆರಳು ಅವನ ಸಂಗೀತದಲ್ಲಿದೆ. ವಾಕಾಸಾ ಆದ ಮಾಚಿಕೊ ಕ್ಯೋಳ ಮುಖಬಣ್ಣ, ನಡಿಗೆಗಳೂ ನೋ ಮುಖವಾಡವನ್ನು ನೆನಪಿಸುತ್ತವೆ. ಉಡುಗೆಗಳನ್ನು ರೂಪಿಸಿದವನು ಕೈನೊಶೊ ಎಂಬ ಚಿತ್ರಕಾರ. ಆ ಕೆಲಸಕ್ಕೆ ಮುಂದೆ ಆಸ್ಕರ್ ನಾಮನಿರ್ದೇಶನವೂ ದೊರೆಯಿತು.

ಕಲಾವಿದನ ಆಸೆ

ತೊಬೇಯ ಆಸೆ ಹೊರಗಿನದು: ಕವಚ, ಕುದುರೆ, ಬಿರುದು. ಗೆಂಜುರೊನ ಆಸೆ ಅದಕ್ಕಿಂತ ಸೂಕ್ಷ್ಮವಾದದ್ದು, ಆದ್ದರಿಂದಲೇ ಹೆಚ್ಚು ಅಪಾಯದ್ದು. ಮಹಲಿನಲ್ಲಿ ಅವನಿಗೆ ಊಟ ಬಡಿಸುವುದು ಅವನೇ ಮಾಡಿದ ಪಾತ್ರೆಗಳಲ್ಲಿ. ವಾಕಾಸಾ ಅವುಗಳ ಬಣ್ಣವನ್ನು, ಹೊಳಪನ್ನು, ಕುಶಲತೆಯನ್ನು ಹೊಗಳುತ್ತಾಳೆ. ಇದನ್ನೆಲ್ಲ ಮಾಡಿದವನನ್ನು ಕಾಣಬೇಕೆನಿಸಿತು ಎನ್ನುತ್ತಾಳೆ. ಸಂತೆಯಲ್ಲಿ ಕೂಗಿ ಮಾರುತ್ತಿದ್ದವನನ್ನು ಯಾರೋ ಮೊದಲ ಸಲ ಕಲಾವಿದನೆಂದು ಗುರುತಿಸಿದ್ದಾರೆ. ಅವನು ಮರುಳಾದದ್ದು ರೂಪಕ್ಕಿಂತ ಮೊದಲು ಈ ಮೆಚ್ಚುಗೆಗೆ.

ಬರೆಯುವವರು, ಹಾಡುವವರು, ನಟಿಸುವವರು ಈ ಸಭೆಯಲ್ಲಿ ಹಲವರಿದ್ದೀರಿ. ಈ ದೃಶ್ಯ ನಮ್ಮನ್ನು ಕುರಿತದ್ದು. ಗುರುತಿಸಿಕೊಳ್ಳಬೇಕೆಂಬ ಹಂಬಲ ತಪ್ಪಲ್ಲ. ಆದರೆ ಮೆಚ್ಚುಗೆಯ ಮಾತು ಕೇಳುತ್ತ ಕೂತ ಗೆಂಜುರೊ ಮಹಲಿನಲ್ಲಿ ಒಂದೂ ಹೊಸ ಪಾತ್ರೆ ಮಾಡಿದ್ದನ್ನು ನಾವು ಕಾಣುವುದಿಲ್ಲ. ಅವನ ಕೈ ಮಣ್ಣನ್ನು ಮುಟ್ಟದೆ ಉಳಿಯಿತು. ಅವನ ಊರಿನ ಮನೆಯಲ್ಲಾದರೋ ಅವನು ಪಾತ್ರೆ ಎತ್ತುವಾಗ ತಿಗರಿ ತಿರುಗಿಸುತ್ತಿದ್ದವಳು ಮಿಯಾಗಿ. ಆ ಪಾತ್ರೆಗಳಲ್ಲಿ ಅರ್ಧ ಅವಳ ದುಡಿಮೆ. ಮಹಲಿನ ಹೊಗಳಿಕೆಯಲ್ಲಿ ಅವಳ ಹೆಸರು ಬರಲೇ ಇಲ್ಲ, ಗೆಂಜುರೊನೂ ಎತ್ತಲಿಲ್ಲ. ಕಲೆಯ ಹಿಂದಿನ ಕಾಣದ ಕೈಯನ್ನು ಮರೆಯುವುದೇ ಅವನ ಮೊದಲ ದ್ರೋಹ. ಹೆಂಡತಿಯನ್ನು ಮರೆತದ್ದು ಅದರ ಮುಂದುವರಿಕೆ.

ಸೋತ ದೇಶದ ಚಿತ್ರ

ಈ ಚಿತ್ರ ಬಂದ ಕಾಲವನ್ನು ನೆನೆಯೋಣ. 1945ರ ಆಗಸ್ಟಿನಲ್ಲಿ ಹಿರೋಶಿಮಾ, ನಾಗಸಾಕಿಗಳ ಮೇಲೆ ಅಣುಬಾಂಬು ಬಿತ್ತು, ಜಪಾನ್ ಶರಣಾಯಿತು. ಮಿತ್ರಸೇನೆಯ ಆಡಳಿತ ಮುಗಿದದ್ದು 1952ರ ಏಪ್ರಿಲ್ 28ರಂದು. ಅದಾಗಿ ಒಂದು ವರ್ಷ ತುಂಬುವ ಮೊದಲೇ ‘ಉಗೆತ್ಸು’ ತೆರೆಗೆ ಬಂತು. ಸಾಮ್ರಾಜ್ಯ ಕಟ್ಟುವ ಹಂಬಲದಲ್ಲಿ ಮನೆ ಬಿಟ್ಟುಹೋಗಿ, ಸೋತು, ಸುಟ್ಟ ಊರುಗಳಿಗೆ ಮರಳಿದ ಗಂಡಸರು ಆ ಚಿತ್ರಮಂದಿರಗಳಲ್ಲಿ ಕುಳಿತಿದ್ದರು. ಗೆಂಜುರೊ ಖಾಲಿ ಮನೆಯಲ್ಲಿ ಹೆಂಡತಿಯ ಹೆಸರು ಕೂಗುವಾಗ ಅವರಲ್ಲಿ ಹಲವರಿಗೆ ಅದು ಸುಮಾರು ನಾನೂರು ವರ್ಷ ಹಿಂದಿನ ಕಥೆಯೆನಿಸಿರಲಾರದು.

ಮಿಜೊಗುಚಿಯೂ ಆ ಹೊಣೆಯಿಂದ ಹೊರಗಿನವನಾಗಿರಲಿಲ್ಲ. 1941-42ರಲ್ಲಿ ಅವನು ಸ್ವಾಮಿನಿಷ್ಠೆಗಾಗಿ ಪ್ರಾಣಕೊಡುವ ನಲವತ್ತೇಳು ಸಮುರಾಯಿಗಳ ಕಥೆಯನ್ನು ಎರಡು ಭಾಗಗಳಲ್ಲಿ ಚಿತ್ರಿಸಿದ್ದ. ಯುದ್ಧಕಾಲದ ಆಳುವವರಿಗೆ ಬೇಕಾಗಿದ್ದ ಕಥೆ ಅದು. ಹತ್ತು ವರ್ಷಗಳ ನಂತರ ಅವನು ತೋರಿಸುವ ಸಮುರಾಯಿ ಕದ್ದ ರುಂಡ ಹಿಡಿದು ಬಹುಮಾನ ಬೇಡುವ ತೊಬೇ. ಶೌರ್ಯದ ಕಥೆಯಿಂದ ಆ ಶೌರ್ಯಕ್ಕೆ ತೆತ್ತ ಬೆಲೆಯ ಕಥೆಗೆ ಅವನು ನಡೆದುಬಂದ ದೂರ ಅಷ್ಟು.

ತೊಬೇಯ ಕಥೆ ಮುಗಿಯುವ ಬಗೆ ಮಾತ್ರ ಅವನು ಬಯಸಿದಂತೆ ಆಗಲಿಲ್ಲ. ಸೋಲಿನಿಂದಲೂ ಪಾಠ ಕಲಿಯದೆ ತೊಬೇ ಇನ್ನೂ ಮೇಲೇರುತ್ತಲೇ ಹೋಗಬೇಕೆಂಬುದು ಅವನ ಇಚ್ಛೆಯಾಗಿತ್ತು. ನಿರ್ಮಾಣ ಸಂಸ್ಥೆ ದಾಯೆಯಿ ಅದನ್ನು ಮೃದುಗೊಳಿಸಿತು. ಚಿತ್ರದಲ್ಲಿ ತೊಬೇ ಕವಚವನ್ನು ನೀರಿಗೆ ಎಸೆದು ಒಹಾಮಾಳ ಜೊತೆ ಊರಿಗೆ ಬರುತ್ತಾನೆ. ಈ ವಿಷಯದಲ್ಲಿ ನಾನು ನಿರ್ದೇಶಕನ ಪಕ್ಷ. ನಾಶ ಮಾಡಿದ ಮಹತ್ವಾಕಾಂಕ್ಷೆ ಬಹುಪಾಲು ಸಲ ಪಶ್ಚಾತ್ತಾಪ ಪಡುವುದಿಲ್ಲ. ಹಿದೆಯೋಶಿಯ ಮುಂದಿನ ನಡೆಯೇ ಸಾಕ್ಷಿ. ಆದರೂ ಒಹಾಮಾಳ ಪಾತ್ರವನ್ನು ಮಾಡಿದ ಮಿತ್ಸುಕೊ ಮಿತೊ ಆ ಮೃದುವಾದ ಅಂತ್ಯದಲ್ಲಿಯೂ ಒಂದು ಬಿರುಸು ಉಳಿಸಿದ್ದಾಳೆ. ಅವಳು ಗಂಡನೊಡನೆ ಬರುತ್ತಾಳೆ, ಆದರೆ ತನಗಾದದ್ದನ್ನು ಆಗಲಿಲ್ಲವೆಂದು ನಟಿಸುವುದಿಲ್ಲ.

ಕೊನೆಯ ಮಾತು

ಚಿತ್ರ ಮುಗಿಯುವಾಗ ಗೆಂಜುರೊ ಮತ್ತೆ ತಿಗರಿಯ ಮುಂದೆ ಕುಳಿತಿದ್ದಾನೆ. ಮಿಯಾಗಿಯ ದನಿ ಕೇಳಿಸುತ್ತದೆ. ಅವಳು ಬಯ್ಯುವುದಿಲ್ಲ. ಸೌದೆ ಒಟ್ಟಿದೆ, ಸೈನಿಕರ ಭಯವಿಲ್ಲ, ಕೆಲಸ ಮಾಡು ಎಂಬಂತೆ ಮಾತಾಡುತ್ತಾಳೆ. ನೀನು ಆಗಬೇಕೆಂದು ನಾನು ಬಯಸಿದ್ದ ಮನುಷ್ಯ ಈಗ ಆದೆ, ಆದರೆ ನಾನು ಬದುಕಿಲ್ಲ ಎನ್ನುತ್ತಾಳೆ. ಕೆಲವು ವಿಮರ್ಶಕರು ಇದನ್ನು ಶಾಂತಿಯ ಅಂತ್ಯವೆನ್ನುತ್ತಾರೆ. ಹೆಣ್ಣಿನ ತ್ಯಾಗವನ್ನು ವೈಭವೀಕರಿಸುವ ಅಂತ್ಯವೆಂದು ಆಕ್ಷೇಪಿಸುವವರೂ ಇದ್ದಾರೆ. ಆ ಆಕ್ಷೇಪದಲ್ಲಿ ಹುರುಳಿದೆ. ಆದರೆ ನನಗೆ ಕೇಳಿಸುವುದು ಬೇರೆ. ಗಂಡ ತಿದ್ದಿಕೊಂಡದ್ದು ಅವಳು ಸತ್ತ ಮೇಲೆ. ಆ ತಿದ್ದುಪಡಿಯ ಫಲ ಅವಳಿಗೆ ದಕ್ಕುವುದಿಲ್ಲ. ಚಿತ್ರ ಈ ನಷ್ಟವನ್ನು ಎಲ್ಲಿಯೂ ತುಂಬಿಕೊಡುವುದಿಲ್ಲ, ತುಂಬಿದಂತೆ ತೋರಿಸುವುದೂ ಇಲ್ಲ. ಕ್ಷಮೆ ಇದೆ, ಹಿಂಪಾವತಿ ಇಲ್ಲ. ಇದು ಪ್ರಾಮಾಣಿಕವಾದ ಲೆಕ್ಕ.

ಹಾಗಾದರೆ ‘ಉಗೆತ್ಸು’ ಮಹತ್ವಾಕಾಂಕ್ಷೆಯೇ ಬೇಡವೆನ್ನುತ್ತದೆಯೇ? ಇಲ್ಲ. ಒಳ್ಳೆಯ ಪಾತ್ರೆ ಮಾಡಬೇಕೆಂಬ ಆಸೆಯನ್ನು ಅದು ಕೊನೆಯವರೆಗೂ ಗೌರವಿಸುತ್ತದೆ. ಗೆಂಜುರೊನನ್ನು ಮರಳಿ ಕೂರಿಸುವುದು ತಿಗರಿಯ ಮುಂದೆಯೇ. ಅದು ತಿರಸ್ಕರಿಸುವುದು ಇನ್ನೊಬ್ಬರ ಬಾಳನ್ನು ಅಡವಿಟ್ಟು ಎತ್ತುವ ಏಳಿಗೆಯನ್ನು, ಲೋಕ ಹೊತ್ತಿ ಉರಿಯುವಾಗ ಸಿಗುವ ಬೆಲೆಯೇ ತನ್ನ ಯೋಗ್ಯತೆಯೆಂದು ತಿಳಿಯುವ ಭ್ರಮೆಯನ್ನು.

ಸಿನಿಮಾ ಓದುತ್ತಿರುವ ತರುಣ ತರುಣಿಯರಲ್ಲಿ ನನ್ನದೊಂದು ವಿನಂತಿ. ಈ ಚಿತ್ರವನ್ನು ನೋಡಿ, ಸಾಧ್ಯವಾದರೆ ದೊಡ್ಡ ಪರದೆಯಲ್ಲಿ, ಹಲವರ ಜೊತೆ ಕುಳಿತು ನೋಡಿ. ಕ್ಯಾಮೆರಾದ ಚಲನೆಯನ್ನು ಕಲಿಯಿರಿ. ಅದಕ್ಕಿಂತ ಮುಖ್ಯವಾಗಿ, ಅದು ಯಾರ ಕಡೆಗೆ ಚಲಿಸುತ್ತದೆ ಎಂಬುದನ್ನು ಕಲಿಯಿರಿ. ಇಂದಿಗೂ ಯುದ್ಧದ ಸುದ್ದಿ ಬಂದಾಗ ಗೆದ್ದವರ ಹೆಸರು, ಏರಿದ ಶೇರುಗಳ ಲೆಕ್ಕ, ಹೊಸ ಆಯುಧಗಳ ಬಣ್ಣನೆ ನಮ್ಮ ಮುಂದೆ ಬಂದು ಬೀಳುತ್ತವೆ. ಆಗ ಈ ಚಿತ್ರ ಕಲಿಸಿದ ಪ್ರಶ್ನೆಯನ್ನು ಕೇಳಿ: ಸಾಲ ಎತ್ತಿದವರು ಯಾರು, ತೀರಿಸುತ್ತಿರುವವರು ಯಾರು? ಆ ಪ್ರಶ್ನೆಯನ್ನು ಕೇಳಲು ಕಲಿತ ಕಣ್ಣು ಮುಂದೆ ಕನ್ನಡದಲ್ಲಿ ಮಾಡುವ ಚಿತ್ರ ಖಂಡಿತ ಬೇರೆಯಾಗಿರುತ್ತದೆ. ಅಂಥ ಚಿತ್ರಗಳನ್ನು ಮಾಡಿ.